ನಡುಕವೂ ಇದೆ, ಮನಸ್ಸೂ ಕುಗ್ಗಿದೆ: ಮಿದುಳಿಗೆ ವಿದ್ಯುತ್ ಚಿಕಿತ್ಸೆ ಮಾಡಿಸುವ ಮುನ್ನ ತಿಳಿಯಬೇಕಾದದ್ದು



ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಬರುವ ಪಾರ್ಕಿನ್ಸನ್ ರೋಗಿಗಳ ಮನೆಯವರು ಈಚೆಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: “ಸಿಸ್ಟರ್, ಬೆಂಗಳೂರಲ್ಲಿ ತಲೆಗೆ ತಂತಿ ಹಾಕಿ ಕರೆಂಟ್ ಕೊಡ್ತಾರಂತೆ. ನಮ್ಮಪ್ಪ ಮಾತೇ ಬಿಟ್ಟು ಮೂಲೆ ಹಿಡಿದು ಕೂತವ್ರೆ. ಅದು ಮಾಡಿಸಿದ್ರೆ ಮೊದಲಿನ ಹಾಗೆ ಆಗ್ತಾರಾ? ಜಮೀನು ಮಾರಿಯಾದರೂ ಮಾಡಿಸ್ತೀವಿ.”

ಜಮೀನು ಮಾರುವ ಮಾತು ಬಂದಾಗ ಉತ್ತರ ನೇರವಾಗಿರಬೇಕು. ತಲೆಗೆ ತಂತಿ ಹಾಕುವ ಆಪರೇಷನ್ ಕೈಕಾಲಿನ ಚಲನೆ ಸುಧಾರಿಸಲು ಇರುವ ಚಿಕಿತ್ಸೆ. ಕುಗ್ಗಿದ ಮನಸ್ಸನ್ನು ಎತ್ತಲು ಇರುವ ಚಿಕಿತ್ಸೆ ಅದಲ್ಲ. ಮನಸ್ಸಿನ ಕಾಯಿಲೆಗೆ ಬೇರೆ ಚಿಕಿತ್ಸೆಗಳಿವೆ, ಅವು ಮೊದಲು ನಡೆಯಬೇಕು. ಈ ಒಂದು ಮಾತನ್ನು ಸರಿಯಾಗಿ ತಿಳಿದುಕೊಂಡರೆ ಹಣ ಉಳಿಯುತ್ತದೆ. ಕೆಲವು ಸಲ ಜೀವವೂ ಉಳಿಯುತ್ತದೆ. ಆದ್ದರಿಂದ ಈ ಪಾಠವನ್ನು ಮನೆಯವರೆಲ್ಲ ಕುಳಿತು ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

1. ಕಾಯಿಲೆಯ ಪರಿಚಯ

ನಮ್ಮ ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಅವು ನಿಧಾನವಾಗಿ ಸಾಯುತ್ತಾ ಹೋದಾಗ ಕೈ ನಡುಕ, ಮೈ ಬಿಗಿತ, ನಿಧಾನ ನಡಿಗೆ, ಸಣ್ಣ ದನಿ ಕಾಣಿಸಿಕೊಳ್ಳುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ಬರೆದರು. ನಮ್ಮ ಆಯುರ್ವೇದದಲ್ಲಿ ಕಂಪವಾತವೆಂಬ ಹೆಸರಿದೆ. ಇದು ಅಂಟುರೋಗವಲ್ಲ. ಯಾರೋ ಏನೋ ಮಾಡಿಸಿದ್ದರಿಂದ ಬರುವುದೂ ಅಲ್ಲ.

ಈ ಕಾಯಿಲೆಯಲ್ಲಿ ರೋಗಿಯ ಬುದ್ಧಿಗೆ ಧಕ್ಕೆಯಿಲ್ಲವೆಂದು ಪಾರ್ಕಿನ್ಸನ್ ಭಾವಿಸಿದ್ದರು. ಇಂದು ನಮಗೆ ಹೆಚ್ಚು ತಿಳಿದಿದೆ. ನೂರು ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು 35 ಮಂದಿಗೆ ಗಮನಿಸಬೇಕಾದ ಮಟ್ಟದ ಖಿನ್ನತೆ ಇರುತ್ತದೆ. ಕೆಲವರಿಗೆ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಮನಸ್ಸು ಕುಗ್ಗಿರುತ್ತದೆ. ಡೋಪಮಿನ್ ಮಾತ್ರವಲ್ಲ, ಮನಸ್ಸಿನ ಉಲ್ಲಾಸಕ್ಕೆ ಬೇಕಾದ ಇತರ ರಾಸಾಯನಿಕಗಳೂ ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತವೆ. ಆದ್ದರಿಂದ “ಧೈರ್ಯ ತಂದುಕೊಳ್ಳಿ” ಎಂದು ಹೇಳಿದ ಮಾತ್ರಕ್ಕೆ ಈ ಖಿನ್ನತೆ ಹೋಗುವುದಿಲ್ಲ. ರೋಗಿಯದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ.

2. ಖಿನ್ನತೆಯನ್ನು ಗುರುತಿಸುವುದು ಹೇಗೆ?

ಇಲ್ಲಿ ಒಂದು ತೊಡಕಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿಯುವುದರಿಂದ ಮುಖದಲ್ಲಿ ನಗು ಕಾಣುವುದಿಲ್ಲ. ಮುಖ ಬಾಡಿದವರಿಗೆಲ್ಲ ಖಿನ್ನತೆ ಇದೆಯೆಂದು ತಿಳಿಯಬಾರದು. “ವಯಸ್ಸಾಯಿತು, ಹಾಗೇ ಇರುತ್ತಾರೆ” ಎಂದು ಖಿನ್ನತೆಯನ್ನು ಕಡೆಗಣಿಸಲೂಬಾರದು.

ಒಂದು ಉದಾಹರಣೆ ನೋಡಿ. ನಮ್ಮ ಮನೆಗಳಲ್ಲಿ ಹಿರಿಯರು ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆ ಮಾಡುತ್ತಾರೆ. ಪಾರ್ಕಿನ್ಸನ್ ಬಂದ ಮೇಲೆ ಪೂಜೆ ನಿಂತಿತೆನ್ನಿ. ಏಕೆ ನಿಂತಿತೆಂದು ಕೇಳಿ. “ಮನಸ್ಸಿದೆ, ಕೈ ನಡುಗುತ್ತದೆ, ಲಿಂಗ ಜಾರೀತೆಂಬ ಭಯ” ಎಂದರೆ ತೊಂದರೆ ಚಲನೆಯದು. ಮಾತ್ರೆ ಹಿಡಿದು ಕೈ ನಿಂತಿರುವ ಹೊತ್ತಿನಲ್ಲೂ “ಏನು ಪೂಜೆಯೋ, ಯಾಕೆ ಬೇಕು” ಎಂದರೆ ತೊಂದರೆ ಮನಸ್ಸಿನದು. ತರಕಾರಿ ತೋಟಕ್ಕೆ ಹೋಗಿಬರುವುದು, ಮೊಮ್ಮಕ್ಕಳ ಮಾತು, ಚಾಮರಾಜೇಶ್ವರನ ತೇರು, ಮಾದಪ್ಪನ ಬೆಟ್ಟದ ಯಾತ್ರೆ, ಹೀಗೆ ಇಷ್ಟವಾಗಿದ್ದ ಯಾವ ವಿಷಯದಲ್ಲೂ ಈ ಪ್ರಶ್ನೆ ಕೇಳಿ ನೋಡಬಹುದು.

ಈ ಕೆಳಗಿನವು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ವೈದ್ಯರಿಗೆ ತಿಳಿಸಿ:
• ದಿನದ ಹೆಚ್ಚು ಹೊತ್ತು ಬೇಸರ, ಸುಮ್ಮನೆ ಅಳು
• ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
• ಊಟ ಸೇರದಿರುವುದು, ಬೆಳಗಿನ ಜಾವವೇ ಎಚ್ಚರವಾಗುವುದು
• “ನಾನು ಮನೆಗೆ ಭಾರ” ಎನ್ನುವ ಮಾತು
• ಸಾಯುವ ಮಾತು (ಇದ್ದರೆ ಎರಡು ವಾರ ಕಾಯಬೇಡಿ, ಅದೇ ದಿನ ಕರೆತನ್ನಿ)

ಮನೆಯಲ್ಲಿ ಮಾಡುವ ಅಭ್ಯಾಸ: ಒಂದು ನೋಟ್ ಪುಸ್ತಕದಲ್ಲಿ ಏಳು ದಿನ ನಾಲ್ಕು ವಿಷಯ ಬರೆಯಿರಿ. ಮಾತ್ರೆ ಕೊಟ್ಟ ಹೊತ್ತು, ಊಟದ ಹೊತ್ತು, ಕೈಕಾಲು ಸಡಿಲವಾಗಿದ್ದ ಹೊತ್ತು, ಮನಸ್ಸು ಹೇಗಿತ್ತು. ಕೆಲವರಿಗೆ ಮಾತ್ರೆಯ ಶಕ್ತಿ ಇಳಿದಾಗ ಮಾತ್ರ ಮನಸ್ಸೂ ಕುಸಿಯುತ್ತದೆ, ಮುಂದಿನ ಮಾತ್ರೆ ಹಿಡಿದಾಗ ಏಳುತ್ತದೆ. ಕೆಲವರಿಗೆ ದಿನವಿಡೀ ಒಂದೇ ಸಮ ಕುಗ್ಗಿರುತ್ತದೆ. ಈ ಎರಡಕ್ಕೂ ಚಿಕಿತ್ಸೆ ಬೇರೆ. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಹತ್ತು ನಿಮಿಷದ ಮಾತಿಗಿಂತ ಅದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.

3. ಯಂತ್ರಕ್ಕಿಂತ ಮೊದಲು ಆಗಬೇಕಾದ ಕೆಲಸಗಳು

(ಅ) ಮಾತ್ರೆಯ ಹೊತ್ತು ಸರಿಪಡಿಸುವುದು. ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಡುವುದು ಒಳ್ಳೆಯದು. ಹಾಲು, ಮೊಸರು, ಬೇಳೆ, ಕಾಳುಗಳ ಜೊತೆಗೆ ತೆಗೆದುಕೊಂಡರೆ ಅದರ ಶಕ್ತಿ ಕುಂದಬಹುದು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ. ಆದ್ದರಿಂದ ನಾಟಿ ಔಷಧಿ ಕೊಡುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಎರಡೂ ಸೇರಿ ಪ್ರಮಾಣ ಹೆಚ್ಚಾಗಬಹುದು.

(ಆ) ರಕ್ತಪರೀಕ್ಷೆ. ಥೈರಾಯ್ಡ್ ತೊಂದರೆ ಮತ್ತು ಬಿ-12 ಜೀವಸತ್ವದ ಕೊರತೆ ಎರಡೂ ಮನಸ್ಸನ್ನು ಕುಗ್ಗಿಸುತ್ತವೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಸಾಮಾನ್ಯ. ಸಣ್ಣ ಖರ್ಚಿನಲ್ಲಿ ಸರಿಹೋಗುವ ಕಾರಣವನ್ನು ಮೊದಲು ಹುಡುಕಬೇಕು.

(ಇ) ಖಿನ್ನತೆಯ ಮಾತ್ರೆ. ಇದು ಕೆಲಸ ಮಾಡಲು ಕೆಲವು ವಾರ ಬೇಕು. “ಹತ್ತು ದಿನ ಕೊಟ್ಟೆವು, ಗುಣ ಕಾಣಲಿಲ್ಲ” ಎಂದು ನಿಲ್ಲಿಸಬಾರದು. ಸೆಲಿಜಿಲಿನ್, ರಸಾಜಿಲಿನ್ ಎಂಬ ಪಾರ್ಕಿನ್ಸನ್ ಮಾತ್ರೆಗಳೊಂದಿಗೆ ಕೆಲವು ಖಿನ್ನತೆಯ ಮಾತ್ರೆಗಳು ಹೊಂದುವುದಿಲ್ಲ. ಆದ್ದರಿಂದ ಎಲ್ಲ ಚೀಟಿಗಳನ್ನೂ ಎರಡೂ ಕಡೆಯ ವೈದ್ಯರಿಗೆ ತೋರಿಸಿ. ವಾಂತಿಗೆ ಕೊಡುವ ಮೆಟಾಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಪಾರ್ಕಿನ್ಸನ್ನನ್ನು ಹೆಚ್ಚಿಸುತ್ತವೆ. ಯಾವ ಆಸ್ಪತ್ರೆಗೆ ಹೋದರೂ “ಇವರಿಗೆ ಪಾರ್ಕಿನ್ಸನ್ ಇದೆ” ಎಂದು ಮೊದಲೇ ಹೇಳಿ.

(ಈ) ಮಾತು, ನಡಿಗೆ, ಕಾಯಕ. ಆಪ್ತಸಮಾಲೋಚನೆಯಿಂದ ಪಾರ್ಕಿನ್ಸನ್ ರೋಗಿಗಳ ಖಿನ್ನತೆ ತಗ್ಗುತ್ತದೆ. ದಿನವೂ ನಡಿಗೆ, ವ್ಯಾಯಾಮ ಬೇಕು. ಅವರೆಕಾಯಿ ಸುಲಿಯುವುದು, ಹೂ ಬಿಡಿಸುವುದು, ಮಕ್ಕಳ ಪಾಠ ಕೇಳುವುದು, ಹೀಗೆ ಕೈಲಾಗುವ ಒಂದು ಕೆಲಸ ಅವರದೇ ಆಗಿರಲಿ. ಕಾಯಕ ಕೈತಪ್ಪಿದವರಿಗೆ ತಾನು ಬೇಡದವನಾದೆ ಎಂಬ ಭಾವನೆ ಬೇಗ ಬರುತ್ತದೆ.

ಎಷ್ಟೋ ಮಂದಿಗೆ ಈ ನಾಲ್ಕರಿಂದಲೇ ಮನಸ್ಸು ಚೇತರಿಸಿಕೊಳ್ಳುತ್ತದೆ.

4. ವಿದ್ಯುತ್ ಚಿಕಿತ್ಸೆಗಳು ಒಂದಲ್ಲ, ಮೂರು

ಜನ “ಕರೆಂಟ್ ಕೊಡುವುದು” ಎಂದು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವವಾಗಿ ಮೂರು ಬೇರೆ ಬೇರೆ ಚಿಕಿತ್ಸೆಗಳು.

ಮೊದಲನೆಯದು: ಅಯಸ್ಕಾಂತದ ಚಿಕಿತ್ಸೆ (ಟಿ.ಎಂ.ಎಸ್.)

ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಾರೆ. ತಲೆಯ ಹೊರಗೆ ಒಂದು ಸುರುಳಿಯನ್ನು ಹಿಡಿದು ಅಯಸ್ಕಾಂತ ಶಕ್ತಿಯಿಂದ ಮಿದುಳಿನ ಮುಂಭಾಗವನ್ನು ಚುರುಕುಗೊಳಿಸುತ್ತಾರೆ. ಕೊಯ್ಯುವುದಿಲ್ಲ, ಅರಿವಳಿಕೆ ಇಲ್ಲ. ತಲೆಯ ಮೇಲೆ ಟಕಟಕ ಬಡಿದಂತೆ ಆಗುತ್ತದೆ, ಕೆಲವರಿಗೆ ತಲೆನೋವು ಬರಬಹುದು. ಫಿಟ್ಸ್ ಬರುವುದು ತೀರಾ ಅಪರೂಪ. ಇದು ಖಿನ್ನತೆಗಾಗಿಯೇ ಬಳಕೆಯಲ್ಲಿರುವ ಚಿಕಿತ್ಸೆ. ಅಮೆರಿಕದಲ್ಲಿ 2008ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಪಾರ್ಕಿನ್ಸನ್ ರೋಗಿಗಳ ಖಿನ್ನತೆಗೂ ಇದರಿಂದ ಬಹುಮಟ್ಟಿಗೆ ಪ್ರಯೋಜನವಾಗುವ ಸಂಭವವಿದೆಯೆಂದು 2020ರಲ್ಲಿ ಪ್ರಕಟವಾದ ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ.

ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಅಲ್ಲೇ ಈ ಚಿಕಿತ್ಸೆ ದೊರೆತರೂ ಇಪ್ಪತ್ತು, ಮೂವತ್ತು ಸಲ ಹೋಗಿಬರಬೇಕು. ಯಾರು ಕರೆದೊಯ್ಯುತ್ತಾರೆ, ಎಲ್ಲಿ ಉಳಿಯುತ್ತೀರಿ ಎಂದು ಮೊದಲೇ ಯೋಚಿಸಿ. ಅರ್ಧಕ್ಕೆ ಬಿಟ್ಟರೆ ಹಣವೂ ಶ್ರಮವೂ ವ್ಯರ್ಥ. ತಲೆಯೊಳಗೆ ಲೋಹದ ತುಂಡು ಅಥವಾ ಕ್ಲಿಪ್ ಇರುವವರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಫಿಟ್ಸ್ ಇರುವವರು ಮೊದಲೇ ತಿಳಿಸಬೇಕು.

ಎರಡನೆಯದು: ಇ.ಸಿ.ಟಿ.

ಇದು 1938ರಲ್ಲಿ ಇಟಲಿಯಲ್ಲಿ ಆರಂಭವಾದ ಹಳೆಯ ಚಿಕಿತ್ಸೆ. ಸಿನಿಮಾಗಳಲ್ಲಿ ತೋರಿಸುವುದನ್ನು ನೋಡಿ ಜನ ಹೆದರುತ್ತಾರೆ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಮಾಡುತ್ತಾರೆ. ಅವೆರಡೂ ಇಲ್ಲದೆ ಮಾಡುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಷೇಧಿಸಿದೆ. ಊಟ ನೀರು ಬಿಟ್ಟವರು, ಸಾಯಲು ಹೊರಟವರು, ಮಾತ್ರೆಗಳಿಗೆ ಬಗ್ಗದ ತೀವ್ರ ಖಿನ್ನತೆಯವರಿಗೆ ಇದು ಜೀವ ಉಳಿಸುವ ಚಿಕಿತ್ಸೆ. ಪಾರ್ಕಿನ್ಸನ್ ರೋಗಿಗಳಿಗೆ ಇದರಿಂದ ಮನಸ್ಸಿನ ಜೊತೆಗೆ ಮೈ ಬಿಗಿತವೂ ಕೆಲವು ಕಾಲ ಕಡಿಮೆಯಾಗುವುದುಂಟು. ಮರೆವು, ಗೊಂದಲ ಕೆಲವು ದಿನ ಅಥವಾ ವಾರ ಇರಬಹುದು. ಆಗ ಜೊತೆಯಲ್ಲಿ ಒಬ್ಬರು ಇರಲೇಬೇಕು.

ಮೂರನೆಯದು: ತಲೆಯೊಳಗೆ ತಂತಿ ಇಡುವುದು (ಡಿ.ಬಿ.ಎಸ್.)

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಡಾ. ಬೆನಬಿದ್ ಇದರ ಇಂದಿನ ರೂಪವನ್ನು ಆರಂಭಿಸಿದರು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಮಿದುಳಿನ ಆಳಕ್ಕೆ ಸಣ್ಣ ತಂತಿಗಳನ್ನು ಇಳಿಸುತ್ತಾರೆ. ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಈ ಆಪರೇಷನ್ ನಡೆಯುತ್ತದೆ.

ಮಾತ್ರೆಗೆ ಚೆನ್ನಾಗಿ ಸ್ಪಂದಿಸುವ, ಆದರೆ ಅದರ ಶಕ್ತಿ ಬೇಗ ಇಳಿದುಹೋಗುವ ಅಥವಾ ಮಾತ್ರೆಯಿಂದ ಮೈ ಹೊಯ್ದಾಡುವ ರೋಗಿಗಳಿಗೆ ಇದು ಬಹಳ ಸಹಾಯಕ. ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಮರೆವಿನ ಕಾಯಿಲೆ ಇರುವವರಿಗೆ, ತೀವ್ರ ಖಿನ್ನತೆ ಹತೋಟಿಗೆ ಬಾರದವರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಗಾಯಕ್ಕೆ ಸೋಂಕು ತಗುಲಬಹುದು.

ತಂತಿ ಎಲ್ಲಿ ಇಡುತ್ತಾರೆ ಎಂಬುದೂ ಮುಖ್ಯ. ಮುಖ್ಯವಾಗಿ ಎರಡು ಜಾಗಗಳಿವೆ: ಸಬ್‌ಥಲಾಮಿಕ್ ಎಂಬುದು ಒಂದು, ಪ್ಯಾಲಿಡಮ್ ಎಂಬುದು ಇನ್ನೊಂದು. ಅಮೆರಿಕದಲ್ಲಿ 299 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಲನೆಯ ಸುಧಾರಣೆ ಎರಡರಲ್ಲೂ ಒಂದೇ ರೀತಿ ಇತ್ತು. ಆದರೆ ಖಿನ್ನತೆ ಪ್ಯಾಲಿಡಮ್ ಗುಂಪಿನಲ್ಲಿ ಸ್ವಲ್ಪ ತಗ್ಗಿತು, ಸಬ್‌ಥಲಾಮಿಕ್ ಗುಂಪಿನಲ್ಲಿ ಸ್ವಲ್ಪ ಹೆಚ್ಚಿತು. ಮಾತ್ರೆ ಕಡಿಮೆ ಮಾಡಲು ಹೆಚ್ಚು ಸಾಧ್ಯವಾದದ್ದು ಸಬ್‌ಥಲಾಮಿಕ್ ಗುಂಪಿನಲ್ಲಿ. ಆದ್ದರಿಂದ ಮೊದಲು ಖಿನ್ನತೆ ಇದ್ದದ್ದನ್ನು ಶಸ್ತ್ರವೈದ್ಯರಿಂದ ಮುಚ್ಚಿಡಬಾರದು. “ಹೇಳಿದರೆ ಆಪರೇಷನ್ ಮಾಡುವುದಿಲ್ಲವೇನೋ” ಎಂದು ಮುಚ್ಚಿಡುವವರಿದ್ದಾರೆ. ಹಾಗೆ ಮಾಡಿದರೆ ಕಷ್ಟ ರೋಗಿಗೇ.

5. ಯಾರಿಗೆ ಯಾವುದು?

• ಚಲನೆ ಮಾತ್ರೆಯಲ್ಲಿ ಹತೋಟಿಯಲ್ಲಿದೆ, ಮನಸ್ಸು ಮಾತ್ರ ಕುಗ್ಗಿದೆ: ತಂತಿಯ ಆಪರೇಷನ್ ಬೇಕಿಲ್ಲ. ಮಾತ್ರೆ ಮತ್ತು ಆಪ್ತಸಮಾಲೋಚನೆ ಮೊದಲು. ಸಾಲದಿದ್ದರೆ ಟಿ.ಎಂ.ಎಸ್. ಬಗ್ಗೆ ಮನೋವೈದ್ಯರನ್ನು ಕೇಳಿ.
• ಮಾತ್ರೆಯ ಶಕ್ತಿ ಇಳಿದಾಗ ಮಾತ್ರ ಮನಸ್ಸು ಕುಸಿಯುತ್ತದೆ: ನರರೋಗ ತಜ್ಞರು ಮಾತ್ರೆ ಹೊಂದಿಸಬೇಕು. ಅದು ಸಾಧ್ಯವಾಗದಿದ್ದರೆ ಡಿ.ಬಿ.ಎಸ್. ತಪಾಸಣೆಗೆ ಹೋಗಬಹುದು.
• ಎರಡೂ ತೀವ್ರವಾಗಿವೆ: ಮೊದಲು ಖಿನ್ನತೆಗೆ ಚಿಕಿತ್ಸೆ. ಮನಸ್ಸು ಸ್ಥಿರವಾದ ಮೇಲೆ ಆಪರೇಷನ್ನಿನ ತೀರ್ಮಾನ.
• ಊಟ ಬಿಟ್ಟಿದ್ದಾರೆ, ಸಾಯುವ ಮಾತಾಡುತ್ತಾರೆ: ಇದು ತುರ್ತು. ದಾಖಲಿಸಬೇಕು. ಇ.ಸಿ.ಟಿ. ಎಂದರೆ ಹೆದರಬೇಡಿ.

ಇನ್ನೊಂದು ಮಾತು. ತಲೆಯೊಳಗೆ ತಂತಿ ಇಟ್ಟ ಮೇಲೆ ಸಾಮಾನ್ಯವಾಗಿ ಟಿ.ಎಂ.ಎಸ್. ಮಾಡುವುದಿಲ್ಲ. ಇ.ಸಿ.ಟಿ.ಗೂ ವಿಶೇಷ ಎಚ್ಚರಿಕೆ ಬೇಕಾಗುತ್ತದೆ. ಅಂದರೆ ಮೊದಲು ಆಪರೇಷನ್ ಮಾಡಿಸಿ ಆಮೇಲೆ ಮನಸ್ಸಿನ ಚಿಕಿತ್ಸೆ ನೋಡೋಣವೆಂದರೆ ಕೆಲವು ದಾರಿಗಳು ಮುಚ್ಚಿಹೋಗುತ್ತವೆ. ಮನಸ್ಸಿನ ಚಿಕಿತ್ಸೆ ಮೊದಲಾದರೆ ಆಪರೇಷನ್ನಿನ ದಾರಿ ತೆರೆದೇ ಇರುತ್ತದೆ.

6. ಆಪರೇಷನ್ ಆದ ಮೇಲಿನ ಮೊದಲ ವರ್ಷ

ಇದು ಮನೆಯವರು ಗಮನವಿಟ್ಟು ಓದಬೇಕಾದ ಭಾಗ. ಡಿ.ಬಿ.ಎಸ್. ಮಾಡಿಸಿಕೊಂಡ 5,311 ರೋಗಿಗಳ ಮಾಹಿತಿಯನ್ನು ಹಲವು ಕೇಂದ್ರಗಳಿಂದ ಕೂಡಿಸಿ 2008ರಲ್ಲಿ ಪ್ರಕಟಿಸಿದರು. ಅವರಲ್ಲಿ 24 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು, 48 ಮಂದಿ ಪ್ರಯತ್ನಿಸಿದ್ದರು. ಮೊದಲ ವರ್ಷದಲ್ಲೇ ಅಪಾಯ ಹೆಚ್ಚಾಗಿತ್ತು. ಆಪರೇಷನ್ ನಂತರ ಖಿನ್ನತೆ ಇದ್ದವರು, ಒಂಟಿಯಾಗಿದ್ದವರು ಹೆಚ್ಚು ಅಪಾಯದಲ್ಲಿದ್ದರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆತ್ಮಹತ್ಯೆ ಮಾಡಿಕೊಂಡವರು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಕೈ ನಡುಕ ನಿಂತಿತೆಂದು ಮನೆಯವರೆಲ್ಲ ಸಂತೋಷದಲ್ಲಿದ್ದಾಗ ರೋಗಿಯ ಮನಸ್ಸಿನ ಕಡೆ ಯಾರ ಗಮನವೂ ಇರುವುದಿಲ್ಲ.

• ಆಪರೇಷನ್ ಆಯಿತೆಂದು ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಪಾರ್ಕಿನ್ಸನ್ ಮಾತ್ರೆ ಒಮ್ಮೆಗೇ ಇಳಿಸಿದರೆ ನಿರುತ್ಸಾಹ, ಖಿನ್ನತೆ ಬರುತ್ತದೆ.
• ಯಂತ್ರದ ಹೊಂದಾಣಿಕೆಗೆ ಮೊದಲ ತಿಂಗಳುಗಳಲ್ಲಿ ಹಲವು ಸಲ ಹೋಗಬೇಕು. ಗುಂಡ್ಲುಪೇಟೆಯಿಂದ ಬೆಂಗಳೂರಿಗೆ 200 ಕಿ.ಮೀ. ಆಸುಪಾಸು. ಆ ಭೇಟಿಗಳನ್ನು ತಪ್ಪಿಸಬೇಡಿ.
• ಅತಿಯಾದ ಉತ್ಸಾಹ, ದುಂದುವೆಚ್ಚ, ಇಸ್ಪೀಟಿನ ಚಟ, ಸಿಡುಕು ಹೊಸದಾಗಿ ಕಂಡರೂ ತಿಳಿಸಿ.
• ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಮನೆಯಲ್ಲಿಡಬೇಡಿ, ಬೀಗದಲ್ಲಿಡಿ. ಮಾತ್ರೆಗಳ ಡಬ್ಬಿ ಮನೆಯವರ ಕೈಯಲ್ಲಿರಲಿ.
• ಯಂತ್ರದ ಗುರುತಿನ ಚೀಟಿ ಜೇಬಿನಲ್ಲಿರಲಿ. ಫಿಸಿಯೋಥೆರಪಿಯಲ್ಲಿ ಕೊಡುವ ಡಯಾಥರ್ಮಿ ಶಾಖ ಕೂಡದು. ಎಂ.ಆರ್.ಐ. ಮಾಡಿಸುವ ಮುನ್ನ ಆಪರೇಷನ್ ಮಾಡಿದ ವೈದ್ಯರನ್ನು ಕೇಳಲೇಬೇಕು.

7. ಹಣದ ಲೆಕ್ಕ

ಡಿ.ಬಿ.ಎಸ್.ಗೆ ಹಲವು ಲಕ್ಷ ರೂಪಾಯಿ ತಗಲುತ್ತದೆ. ಅದು ಒಂದೇ ಸಲದ ಖರ್ಚಲ್ಲ. ಸಾಮಾನ್ಯ ಬ್ಯಾಟರಿ ಮೂರರಿಂದ ಐದು ವರ್ಷದಲ್ಲಿ ಮುಗಿದು ಬದಲಿಸಬೇಕಾಗುತ್ತದೆ. ಚಾರ್ಜ್ ಮಾಡುವ ಬ್ಯಾಟರಿ 15 ವರ್ಷದವರೆಗೂ ಬರಬಹುದು, ಬೆಲೆ ಹೆಚ್ಚು. “ಹತ್ತು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ?” ಎಂದು ಕೇಳಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆಗೆ ಏನು ಸಿಗುತ್ತದೆಂದು ಆರೋಗ್ಯಮಿತ್ರರನ್ನು ವಿಚಾರಿಸಿ. ಇದೆಲ್ಲ ಆಗುವವರೆಗೆ ಜಮೀನಿನ ಮುಂಗಡ ಹಣಕ್ಕೆ ಕೈಯೊಡ್ಡಬೇಡಿ. ಪಾರ್ಕಿನ್ಸನ್ನಿನಲ್ಲಿ ಡಿ.ಬಿ.ಎಸ್. ಇಂದೇ ಆಗಬೇಕಾದ ತುರ್ತು ಆಪರೇಷನ್ ಅಲ್ಲ. ಯೋಚಿಸಲು ಸಮಯವಿದೆ.

8. ಎಲ್ಲಿಗೆ ಹೋಗಬೇಕು?

ಮೊದಲು ಇಲ್ಲೇ ನಮ್ಮ ವೈದ್ಯರನ್ನು ಕಾಣಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ. ಚಾಮರಾಜನಗರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ನರರೋಗ ತಜ್ಞರು ಮೈಸೂರಿನಲ್ಲಿದ್ದಾರೆ. ನರರೋಗ, ಮನೋರೋಗ, ಶಸ್ತ್ರಚಿಕಿತ್ಸೆ ಮೂರೂ ಒಂದೇ ಆವರಣದಲ್ಲಿ ಇರುವುದು ನಿಮ್ಹಾನ್ಸ್‌ನಲ್ಲಿ. ಈ ಕಾಯಿಲೆಗೆ ಅದೇ ದೊಡ್ಡ ಅನುಕೂಲ. ಹೋಗುವಾಗ ಹಳೆಯ ಚೀಟಿಗಳು, ಸ್ಕ್ಯಾನ್, ಏಳು ದಿನದ ಪುಸ್ತಕ, ಆಧಾರ್, ರೇಷನ್ ಕಾರ್ಡು ಜೊತೆಗಿರಲಿ.

ಮನಸ್ಸಿನ ಕಷ್ಟಕ್ಕೆ ಹಗಲು ರಾತ್ರಿ ಕರೆ ಮಾಡಬಹುದಾದ ಉಚಿತ ಸಂಖ್ಯೆ: ಟೆಲಿ ಮಾನಸ್ 14416. ಇದು 2022ರಲ್ಲಿ ಆರಂಭವಾಯಿತು. ಕನ್ನಡದಲ್ಲೇ ಮಾತಾಡಬಹುದು. ರೋಗಿಯನ್ನು ನೋಡಿಕೊಳ್ಳುವವರೂ ಕರೆ ಮಾಡಬಹುದು. ಸೊಸೆ, ಮಗಳು, ಹೆಂಡತಿ ಹಗಲೂ ರಾತ್ರಿ ನೋಡಿಕೊಂಡು ತಾವೇ ಕುಗ್ಗುವುದನ್ನು ನಾವು ನೋಡುತ್ತಿದ್ದೇವೆ. ಅವರಿಗೂ ವಿಶ್ರಾಂತಿ ಬೇಕು.

9. ವೈದ್ಯರನ್ನು ಕೇಳಬೇಕಾದ ಆರು ಪ್ರಶ್ನೆಗಳು

1) ಇದು ಮುಖದ ಬಿಗಿತವೋ, ಖಿನ್ನತೆಯೋ, ಮಾತ್ರೆಯ ಏರಿಳಿತವೋ?
2) ಮಾತ್ರೆಯಿಂದ ಆಗಬಹುದಾದದ್ದೆಲ್ಲ ಆಗಿದೆಯೇ?
3) ಈ ಚಿಕಿತ್ಸೆ ಚಲನೆಗೋ, ಮನಸ್ಸಿಗೋ?
4) ಆಪರೇಷನ್‌ಗೆ ಮೊದಲು ಮನೋವೈದ್ಯರು ನೋಡಿದ್ದಾರೆಯೇ?
5) ತಂತಿಯನ್ನು ಯಾವ ಜಾಗದಲ್ಲಿಡುತ್ತೀರಿ, ಏಕೆ?
6) ಆಮೇಲೆ ಮನಸ್ಸು ಕುಗ್ಗಿದರೆ ಯಾರನ್ನು ಕಾಣಬೇಕು?

ಕೊನೆಯದಾಗಿ, ತೀರ್ಮಾನ ರೋಗಿಯದು. ಮಕ್ಕಳೆಲ್ಲ ಸುತ್ತ ನಿಂತು ಮಾತಾಡುವಾಗ ದನಿ ಸಣ್ಣಗಾದ ಹಿರಿಯರ ಮಾತು ಕೇಳಿಸುವುದೇ ಇಲ್ಲ. ಮಾತ್ರೆ ಹಿಡಿದಿರುವ ಹೊತ್ತು ನೋಡಿ ಒಬ್ಬರೇ ಪಕ್ಕದಲ್ಲಿ ಕುಳಿತು “ನಿಮಗೆ ಏನು ಕಷ್ಟವಾಗಿದೆ? ಏನು ಸರಿಯಾದರೆ ಸಾಕು?” ಎಂದು ಕೇಳಿ. ಉತ್ತರ ಬರಲು ತಡವಾಗುತ್ತದೆ, ಕಾಯಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟ್ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿ ಬನ್ನಿ. ಅಲ್ಲಿಂದ ಚಿಕಿತ್ಸೆ ಆರಂಭಿಸೋಣ.